ಗೋಡೆಯಾಚೆಯ ತಾಳ

ನಮ್ಮ ಕೇರಿಯ ಯೌವನಸ್ಥರ ಸಂಘಕ್ಕೆ ಈ ಬೇಸಿಗೆಗೆ ಹತ್ತು ವರ್ಷ ತುಂಬಿತು. ಸಂಘದ ಹುಡುಗಿಯರು ಮೊನ್ನೆ ಬಂದು, "ಅಕ್ಕಾ, ಅಣ್ಣನ ಮ್ಯಾಲ ನಾಕು ಮಾತು ಬರಕೊಡು, ಕೂಟದಾಗ ಓದ್ತೀವಿ" ಎಂದರು. ಅವರು ಅಣ್ಣ ಎನ್ನುವುದು ನನ್ನ ಮನೆಯವರಿಗೆ. ಒಲೆಯ ಪಕ್ಕ ಕೂತು ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅವರನ್ನೇ ಕೇಳಿದೆ. "ಬರಿ. ಆದ್ರ ದುರುಗನ ಹಲಿಗಿ ಮಾತು ಬಿಟ್ಟು ಬರಿಬ್ಯಾಡ" ಎಂದರು.

ದುರುಗ ನನ್ನ ತಮ್ಮ. ಆ ಮಾತು ಬಿಟ್ಟು ಬರೆಯಲು ನನಗೂ ಆಗುವುದಿಲ್ಲ. ಜೋಳದ ಗುಡಾಣದ ಹಿಂದೆ ಇಟ್ಟಿದ್ದ ಹಳೆಯ ದಿನಚರಿಗಳನ್ನು ಹೊರಗೆ ತೆಗೆದು, ಕೂಸು ಮಲಗಿದಾಗೆಲ್ಲ ಒಂದೊಂದು ಹಾಳೆ ತಿರುವುತ್ತ ಬರೆಯುತ್ತಿದ್ದೇನೆ.

ಗಂಡನ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಬರೆದರೆ ದೋಷವಿಲ್ಲವೆಂದು ಪಾದ್ರಿಗಳ ಹೆಂಡತಿ ಹೇಳಿದ್ದಾರೆ. ನನ್ನ ಮನೆಯವರು ಹುಟ್ಟಿದಾಗ ಯಂಕಣ್ಣ, ಹನ್ನೆರಡನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನವಾದ ಮೇಲೆ ಯೋಸೇಪ. ಆದವಾನಿಯ ಹತ್ತಿ ಕಾರ್ಖಾನೆಯಲ್ಲಿ ಅರಳೆ ಒತ್ತಿ ಬೇಲು ಕಟ್ಟುವ ಕೆಲಸ. ಹೋಗಲು ಮೂರು ಮೈಲಿ, ಬರಲು ಮೂರು ಮೈಲಿ ನಡಿಗೆ. ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಬಿಳಿ ಎಳೆಗಳು. ನಮ್ಮ ಮದುವೆಯಾದ ಹೊಸದರಲ್ಲಿ ದುರುಗ ಕಾಡುತ್ತಿದ್ದ: "ಅಕ್ಕಾ, ನಿನಗ ಮುದುಕನ್ನ ಗಂಟು ಹಾಕ್ಯಾರ ನೋಡು, ತಲಿ ಎಲ್ಲಾ ಬೆಳ್ಳಗಾಗೈತಿ."

ಆರು ದಿನ ಕಾರ್ಖಾನೆ, ಏಳನೆಯ ದಿನ ಸಂಘ. ಅದಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಮಿಷನ್ ಶಾಲೆಯಲ್ಲಿ ಐದನೆಯ ಇಯತ್ತೆವರೆಗೆ ಓದಿದವರು ಕೇರಿಯಲ್ಲಿ ಅವರೊಬ್ಬರೇ. ಓದದ ಹುಡುಗ ಹುಡುಗಿಯರನ್ನು ಕೂಡಿಸಿ, ಚಪ್ಪಡಿ ಕಲ್ಲಿನ ಮೇಲೆ ಇದ್ದಿಲಿನಿಂದ ಅಕ್ಷರ ಬರೆಸಿ, ಹಾಡು ಕಲಿಸಿ, ಪ್ರಾರ್ಥನೆ ಕಲಿಸಿದರು. ನಾನೂ ಆ ಕಲ್ಲಿನ ಮೇಲೆ ಬರೆದು ಕಲಿತವಳೇ.

ಆಗ ಅವರು ಬಹಳ ಬಿಗಿ. ಪ್ರಾರ್ಥನೆ ಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಉಗುರು ನೋಡಿ ಒಳಗೆ ಬಿಡುತ್ತಿದ್ದರು. ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗುತ್ತಿದ್ದರು. ಕೂಗಿದವರು ಎದ್ದು ನಿಂತು "ಬಂದೀನ್ರಿ" ಎನ್ನಬೇಕು. ಆ ಪುಸ್ತಕದ ಮೊದಲ ಹಾಳೆಯಲ್ಲಿ ಐದು ಕಟ್ಟಳೆಗಳಿದ್ದವು: ಕುಡಿಯಬಾರದು, ಜೂಜಾಡಬಾರದು, ಸುಳ್ಳು ಹೇಳಬಾರದು, ಭಾನುವಾರ ತಪ್ಪಿಸಬಾರದು. ಐದನೆಯದು, ಹಲಗೆ ಮುಟ್ಟಬಾರದು.

ಹಲಗೆಯೆಂಬ ಚರ್ಮವಾದ್ಯ ಹೊಡೆಯುವುದು ನಮ್ಮ ಕುಲದ ಪಾಲಿಗೆ ಬಂದ ಚಾಕರಿ. ಊರಮ್ಮನ ಹಬ್ಬಕ್ಕೆ, ಹೆಣಕ್ಕೆ, ಡಂಗುರಕ್ಕೆ, ಎಲ್ಲಕ್ಕೂ ನಮ್ಮವರೇ ಬೇಕು. ಇವರ ತಂದೆ ಮೂರು ದಿನ ಹೊಡೆದು, ಹೊಟ್ಟೆ ತುಂಬ ಹೆಂಡ ಕುಡಿದು, ಗೌಡರ ಅಂಗಳದ ಹೊರಗೆ ಎಲೆ ಎತ್ತುವ ತನಕ ಕಾದು, ಉಳಿದ ಅನ್ನವನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಿದ್ದರಂತೆ. ಅಂಥದೇ ಒಂದು ಹಬ್ಬದ ಮರುದಿನ ದಾರಿಯಲ್ಲಿ ಬಿದ್ದವರು ಏಳಲಿಲ್ಲ. "ಆ ಎಂಜಲ ತಿಂದು ಬೆಳದೀನಿ ನಾನು," ಎಂದು ಇವರು ಒಮ್ಮೆ ಹೇಳಿದ್ದರು. "ನಮ್ಮ ಹುಡುಗರ ಕೈ ಪುಸ್ತಕ ಹಿಡಿಯೋ ಕೈ ಆಗಬೇಕು." ಹೀಗಾಗಿ ಐದನೆಯ ಕಟ್ಟಳೆಯ ಹಿಂದೆ ಬರೀ ಬಿಗಿತನವಿರಲಿಲ್ಲ, ಒಂದು ಗಾಯವಿತ್ತು. ಅದನ್ನು ತಿಳಿದೇ ಮುಂದಿನದನ್ನು ಓದಬೇಕು.

ದುರುಗ ಹದಿನಾಲ್ಕಕ್ಕೆ ಬಾವನ ಹಿಂದೆ ಸಂಘಕ್ಕೆ ಬಂದವನು. ಹಾಡಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಮ್ಮಪ್ಪ ಉರುಕುಂದಪ್ಪ ಮಾತ್ರ ಹಳೆಯ ದಾರಿಯಲ್ಲೇ ಉಳಿದ. ಊರ ಹಲಗೆ ಅವನ ಹೆಗಲಲ್ಲೇ ಇತ್ತು.

ನಲವತ್ತೊಂದನೆಯ ಇಸವಿ, ಬೇಸಿಗೆ. ಗೋನೆಗಂಡ್ಲದ ಕಡೆ ವಾಂತಿಭೇದಿ ಎದ್ದಿದೆಯೆಂದು ಸುದ್ದಿ ಬಂತು. ನಮ್ಮ ಕಡೆ ಅದನ್ನು ಗತ್ತರ ಎನ್ನುತ್ತಾರೆ. ಊರಿನ ಹಿರಿಯರು ಬೇನೆ ತರುವ ಅಮ್ಮನನ್ನು ಹಲಗೆ ಹೊಡೆದು ಊರ ಗಡಿ ದಾಟಿಸಬೇಕೆಂದು ಗೊತ್ತು ಮಾಡಿದರು. ಅಪ್ಪನಿಗೆ ಆಗ ಸೊಂಟ ಹಿಡಿದು ಎದ್ದು ಕೂರಲೂ ಆಗುತ್ತಿರಲಿಲ್ಲ. ಹಲಗೆ ಹೋಗದಿದ್ದರೆ ಊರವರು ಕೊಡುವ ವರ್ಷದ ಕಾಳು ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಾಗಿ ಊರಲ್ಲಿ ಯಾರು ಸತ್ತರೂ ಅಪ್ಪನ ತಲೆಗೇ ಬರುತ್ತದೆ. ದುರುಗ ಹಲಗೆ ತಗುಲಿಸಿಕೊಂಡು ಹೋದ. ಗಡಿಯವರೆಗೆ ಹೊಡೆದು ಬಂದ. ಕುಡಿಯಲಿಲ್ಲ, ಎಂಜಲು ತರಲಿಲ್ಲ.

ಭಾನುವಾರ ಇವರು ಪುಸ್ತಕ ತೆರೆದರು. ಹೆಸರುಗಳು ಸಾಗಿದವು. ದುರುಗನ ಹೆಸರು ಬರಲಿಲ್ಲ. ಆ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದ್ದು ಮುಂದೆ ಕೂತಿದ್ದ ನನಗೆ ಕಂಡಿತು.

"ಬಾವಾ, ನನ್ನ ಹೆಸರು ಮರತೀರೇನು?" ಎಂದು ದುರುಗ ನಗುತ್ತಲೇ ಎದ್ದ.

"ಮರತಿಲ್ಲ. ಎಲ್ಲಾರ ಮುಂದ ತಪ್ಪಾತು ಅನ್ನು, ಬರೀತೀನಿ."

"ಏನು ತಪ್ಪು? ನಮ್ಮಪ್ಪನ ಭಾರ ನಾ ಹೊತ್ತಿದ್ದು ತಪ್ಪೇನು?"

"ಹೊತ್ತಿದ್ದಲ್ಲ. ಹೊಡದದ್ದು."

"ಹೊಡೀಲಾರದ ಹೊತ್ಕೊಂಡು ಹೋಗಾಕ ಅದೇನು ಕೂಸೇನು ಬಾವಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗೆಯೇ ಕೆಡಿಸಿತೆಂದು ಈಗ ಅನ್ನಿಸುತ್ತದೆ. ಇವರ ಮುಖ ಗಟ್ಟಿಯಾಯಿತು. ಬೆರಳು ಬಾಗಿಲು ತೋರಿಸಿತು. ದುರುಗ ಟೋಪಿ ಎತ್ತಿಕೊಂಡು ಹೊರಗೆ ನಡೆದ.

ಹೋದವನು ಮನೆಗೆ ಹೋಗಲಿಲ್ಲ. ಮಣ್ಣಿನ ಗೋಡೆಯ ಆಚೆ, ಬೇವಿನ ಬುಡದಲ್ಲಿ ಕೂತ. ಒಳಗೆ ನಾವು ಹಾಡಿದಾಗ ಹೊರಗಿನಿಂದ ಗೋಡೆಗೆ ಎರಡು ಬೆರಳಿನಿಂದ ತಾಳ ಹಾಕಿದ. ಮುಂದಿನ ಭಾನುವಾರವೂ ಹಾಗೆಯೇ, ಅದರ ಮುಂದಿನದೂ. ನಾವು ತಪ್ಪಿದರೆ ತಾಳ ನಿಲ್ಲುತ್ತಿತ್ತು, ಸರಿಯಾದರೆ ಮತ್ತೆ ಶುರುವಾಗುತ್ತಿತ್ತು. ಒಳಗಿದ್ದವರಿಗೆಲ್ಲ ಕೇಳಿಸುತ್ತಿತ್ತು, ಇವರಿಗೂ.

ಐದು ತಿಂಗಳ ಮಗಳನ್ನು ಸೊಂಟದಲ್ಲಿಟ್ಟುಕೊಂಡು ನಾನು ಇಬ್ಬರ ನಡುವೆ ಓಡಾಡಿದೆ. "ಒಂದು ಮಾತು ಅನ್ನಲಿ, ಸಾಕು," ಎಂದರು ಇವರು. "ಒಂದ್ಸಲ ಹೆಸರು ಕೂಗಲಿ, ಸಾಕು," ಎಂದ ಅವನು. ಆ ದಿನ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: ಇಬ್ಬರಿಗೂ ರೊಟ್ಟಿ ಕೊಟ್ಟೆ, ಇಬ್ಬರೂ ಅರ್ಧ ಬಿಟ್ಟರು.

ಗತ್ತರ ನಮ್ಮ ಪಕ್ಕದ ಊರಿಗೆ ಬಂತು. ಆದವಾನಿಯಲ್ಲಿ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮನವರು ಇವರ ಕೈಗೆ ಬಾವಿಗೆ ಹಾಕುವ ಕೆಂಪು ಮದ್ದಿನ ಪೊಟ್ಟಣ ಕೊಟ್ಟು, "ಜನರಿಗೆ ಮೊದಲು ತಿಳಿಸಿ ಹೇಳಿ, ಆಮೇಲೆ ಹಾಕಿ. ನೀರು ಕಾಸಿ ಕುಡಿಯಲು ಹೇಳಿ" ಎಂದರಂತೆ. ನಮ್ಮ ಕೇರಿಗೆ ಇರುವುದು ಒಂದೇ ಬಾವಿ. ಸಂಘದ ಮನೆಗಳು ಹದಿನೈದು. ಉಳಿದ ಐವತ್ತು ಮನೆಯವರಿಗೆ ಮಿಷನ್ನಿನ ಮದ್ದೆಂದರೆ ಅನುಮಾನ.

ಮದ್ದು ಬಂದ ಸುದ್ದಿ ಕೇಳಿ ಮರುದಿನ ಬೆಳಿಗ್ಗೆ ದುರುಗ ನಮ್ಮ ಅಂಗಳಕ್ಕೆ ಬಂದ. ಹಲಗೆ ಹೆಗಲಲ್ಲಿತ್ತು.

"ಬಾವಾ, ನಿಮ್ಮ ಗಂಟಿ ಬಾರಿಸಿದ್ರ ನಿಮ್ಮ ಹದಿನೈದು ಮನಿಯವ್ರು ಬರ್ತಾರ. ಹಲಿಗಿ ಸಪ್ಪಳಾದ್ರ ಕೇರಿ ಪೂರಾ ಬರತೈತಿ. ನಾ ಡಂಗುರ ಹೊಡೀತೀನಿ, ನೀವು ಹೇಳ್ರಿ."

ಇವರು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. "ಅಮ್ಮನ ಮುಂದ ಕುಣಿದ ಹಲಿಗಿಯಿಂದ ಕರ್ತನ ಕೆಲಸ ಆಗಬೇಕಾಗಿಲ್ಲ."

"ಇದು ಚರ್ಮ, ಬಾವಾ. ಅದಕ್ಕೇನು ಗೊತ್ತೈತಿ ಯಾರ ಕೆಲಸ ಅಂತ?"

"ಮೊದಲು ಆ ಮಾತು ಅನ್ನು."

ದುರುಗ ನನ್ನ ಕಡೆ ನೋಡಿದ. ನಾನು "ನೋಡ್ರಿ..." ಎಂದೆ. ಇವರು ಆಗಲೇ ಗಂಟೆ ಹಿಡಿದು ಹೊರಟಿದ್ದರು. ಆಗ ನಾನು ಅವರ ಎದುರು ನಿಲ್ಲಬೇಕಿತ್ತು. ಮಗಳು ಅತ್ತಳು, ಎದೆಗೆ ಹಾಕಿಕೊಂಡು ಒಳಗೆ ಹೋದೆ. ಇದನ್ನೂ ಬರೆದುಬಿಡುತ್ತೇನೆ, ತಪ್ಪು ಅವರೊಬ್ಬರದೇ ಅಲ್ಲ.

ಬಾವಿಯ ಹತ್ತಿರ ಸಂಘದ ಹುಡುಗರು ಗಂಟೆ ಬಾರಿಸಿ ಹಾಡಿದರು. ಬಂದವರು ಸಂಘದವರೇ. ಕೇರಿಯ ಹಿರಿಯಳು ಎರ್ರಮ್ಮ ಕೊಡ ಕೆಳಗಿಟ್ಟು ಬಾವಿಯ ಕಟ್ಟೆಯ ಮೇಲೆ ಅಡ್ಡ ಮಲಗಿಬಿಟ್ಟಳು. "ವದ್ದು ಯಂಕಣ್ಣಾ, ಬ್ಯಾಡ! ರಗತ ಆಗತೈತಿ ನೀರು. ಅಮ್ಮ ಈಗ ಗಡಿ ದಾಟ್ಯಾಳ, ಮತ್ತ ಯಾಕ ಕರೀತಿ? ಹಾಕೋದಿದ್ರ ನನ್ನ ಮೊದಲು ಬಾವ್ಯಾಗ ಹಾಕು." ಗಂಡಸರು ಸೇರಿದರು, ಕಲ್ಲು ಎತ್ತಿಕೊಂಡರು. ಇವರು ಹುಡುಗರನ್ನು ಕರೆದುಕೊಂಡು ಹಿಂದಿರುಗಿದರು. ಪೊಟ್ಟಣವನ್ನು ನಮ್ಮ ಮನೆಯ ಗೂಡಿನಲ್ಲಿ, ದೀಪದ ಪಕ್ಕ ಇಟ್ಟರು. ನಾಲ್ಕು ದಿನ ಅದು ಅಲ್ಲೇ ಇತ್ತು.

ನಾನು ಮಾತ್ರ ನೀರು ಕಾಸಿದೆ. ಅಪ್ಪನ ಮನೆಗೂ ಒಂದು ಕೊಡ ಕಳಿಸಿದೆ. ಆದರೆ ದುರುಗ ಮನೆಯಲ್ಲಿ ನಿಂತವನಲ್ಲ. ಮೂರನೆಯ ದಿನ ಕೇರಿಯಲ್ಲಿ ಸಾವು ಶುರುವಾದ ಮೇಲೆ ಹೆಣ ಹೊರಲು, ಗುಂಡಿ ತೋಡಲು ಅವನೇ ಮುಂದೆ. ದಣಿದವನು ಬಾವಿಯಲ್ಲಿ ಸೇದಿ ಕುಡಿದ. ಆ ನೀರಿಂದಲೇ ಬಂತೆಂದು ಯಾರೂ ಬರೆದುಕೊಟ್ಟಿಲ್ಲ. ನಮಗೆ ಗೊತ್ತು.

ನಾಲ್ಕನೆಯ ದಿನ ನಸುಕಿನಲ್ಲಿ ಅವ್ವ ಬಾಗಿಲಿಗೆ ಬಂದಳು. ಹೊಸ್ತಿಲ ಆಚೆಯೇ ನಿಂತು, "ದುರುಗಗ ಗತ್ತರ ಬಡದೈತಿ. ನೀ ಬರಬ್ಯಾಡ, ಹಾಲು ಕುಡಿಯೋ ಕೂಸೈತಿ. ನಿನ್ನ ಗಂಡನ್ನ ಕಳಸು" ಎಂದಳು. ಇವರು ಓಡಿದರು. ನಾನು ಗಂಜಿಯ ತಿಳಿಗೆ ಉಪ್ಪು ಹಾಕಿ ಹಿಂದೆಯೇ ಕಳಿಸಿದೆ. ಅದು ಒಳಗೆ ನಿಲ್ಲಲಿಲ್ಲವಂತೆ.

ಆ ಬೇನೆಯಲ್ಲಿ ದನಿ ಮೊದಲು ಹೋಗುತ್ತದೆ. ಅಷ್ಟು ಹಾಡುತ್ತಿದ್ದವನ ಗಂಟಲಿಂದ ಬರೀ ಗಾಳಿ. ಬಾವನನ್ನು ನೋಡಿ ತುಟಿ ಅಲ್ಲಾಡಿಸಿದನಂತೆ. ಇವರು ಕಿವಿಯನ್ನು ಅವನ ಬಾಯಿಗೆ ಹಚ್ಚಿ ಕೂತರು. ಏನೆಂದನೋ ತಿಳಿಯಲಿಲ್ಲ. ಇವರು ಕೇಳಿದ್ದ "ತಪ್ಪಾತು" ಅಂದನೋ, ಚೇಷ್ಟೆ ಮಾಡಿದನೋ, ನೀರು ಬೇಡಿದನೋ. ಇವರು ಸಂಘದಲ್ಲಿ ಕೂಗುವ ಹಾಗೆಯೇ "ದುರುಗಣ್ಣ" ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ನಮ್ಮ ಮನೆಗೂ ಕೇಳಿಸಿತು. "ಬಂದೀನ್ರಿ" ಎನ್ನಲು ಅವನಲ್ಲಿ ಏನೂ ಉಳಿದಿರಲಿಲ್ಲ. ಬಿಸಿಲೇರುವ ಮೊದಲೇ ಹೋದ. ಹತ್ತೊಂಬತ್ತು ವರ್ಷ.

ಮಣ್ಣು ಮಾಡಿ ಬಂದ ಇವರು ನಮ್ಮ ಮನೆಗೆ ಬರಲಿಲ್ಲ, ಅಪ್ಪನ ಮನೆಗೇ ಹೋದರು. ಗೋಡೆಗೆ ತೂಗುಹಾಕಿದ್ದ ಹಲಗೆಯನ್ನು ಇಳಿಸಿಕೊಂಡರು. ನಾನು ಪೊಟ್ಟಣ ಹಿಡಿದು ಅಂಗಳದ ಹೊರಗೆ ನಿಂತಿದ್ದೆ. ಹೆಗಲಿಗೆ ಇವರು ಕಟ್ಟಿದ ಹಲಗೆಯ ಹಗ್ಗದ ಗಂಟು ಎರಡು ಸಲ ಬಿಚ್ಚಿಕೊಂಡಿತು. ನಾನೇ ಕಟ್ಟಿದೆ. ಗಟ್ಟಿಯಾಗಿ ಕಟ್ಟಿದೆ. ಕನಿಕರದಿಂದ ಕಟ್ಟಿದೆನೋ ಸಿಟ್ಟಿನಿಂದಲೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಮೊದಲ ಪೆಟ್ಟಿಗೆ ಅದು ಸತ್ತ ದನಿ ಕೊಟ್ಟಿತು. ಒಳಗಿನ ಮಂಚದಿಂದ ಅಪ್ಪ ಅಂದ: "ಕಾಸಬೇಕಪ್ಪಾ ಅದನ್ನ. ತಣ್ಣಗಿದ್ರ ಮಾತಾಡಂಗಿಲ್ಲ."

ಜೋಳದ ಸೊಪ್ಪೆಯ ಬೆಂಕಿ ಮಾಡಿ ಚರ್ಮ ಕಾಸಿದರು. ಬಾಲ್ಯದಲ್ಲಿ ಕಲಿತದ್ದನ್ನು ಕೈ ಮರೆತಿರಲಿಲ್ಲ. ಕೇರಿಯ ತುದಿಯಿಂದ ತುದಿಗೆ ಹೊಡೆಯುತ್ತ ನಡೆದರು. ಬಾಗಿಲುಗಳು ತೆರೆದವು. ಎರ್ರಮ್ಮ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು, "ದುರುಗ ಅದಾನೇನು?" ಎಂದಳು. ಹಲಗೆ ಯಾರ ಹೆಗಲಲ್ಲಿದೆ ಎಂದು ಕಂಡ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಬಾವಿಯ ಹತ್ತಿರ ಇಡೀ ಕೇರಿ ನೆರೆದಿತ್ತು.

ಇವರು ಉಪದೇಶ ಮಾಡಲಿಲ್ಲ. "ಇದು ದುರುಗನ ಹಲಿಗಿ. ನಾಕು ದಿನದ ಹಿಂದ ಇದು ನಿಮ್ಮನ್ನ ಕರೀಬೇಕಾಗಿತ್ತು. ನಾ ಬ್ಯಾಡ ಅಂದೆ. ಮದ್ದು ಹಾಕಿದ ನೀರು ಮೊದಲು ನಾ ಕುಡೀತೀನಿ, ನೋಡ್ರಿ" ಎಂದರು. ಎರ್ರಮ್ಮ ಕಟ್ಟೆಯಿಂದ ಸರಿದು ನಿಂತಳು. ನೀರು ಕೆಂಪಾಯಿತು, ತುಸು ಹೊತ್ತಿಗೆ ಗುಲಾಬಿಯಾಯಿತು. ಕುಡಿದರು. ಆಮೇಲೆ ನಮ್ಮ ಕೇರಿಯಲ್ಲಿ ಸತ್ತವರು ಇಬ್ಬರೇ.

ಮುಂದಿನ ಭಾನುವಾರ ಇವರು ಎದುರಿಗೆ ನಿಲ್ಲದೆ ಎಲ್ಲರ ನಡುವೆ ನೆಲದ ಮೇಲೆ ಕೂತರು. ನಡೆದದ್ದನ್ನು ಹೇಳಿ, "ಬ್ಯಾರೆಯವರನ್ನ ಆರಿಸ್ಕೊಳ್ರಿ" ಎಂದರು. ಸುಂಕಮ್ಮ ಎಂಬ ಹುಡುಗಿ, "ಪುಸ್ತಕ ತಗೀರಿ ಅಣ್ಣಾ, ಹೊತ್ತಾತು" ಎಂದಳು. ಐದನೆಯ ಕಟ್ಟಳೆಯನ್ನು ಹೊಡೆದುಹಾಕಿದರು. ದುರುಗನ ಹೆಸರಿನ ಮೇಲಿನ ಗೆರೆಯನ್ನು ಅಳಿಸಬಹುದಿತ್ತು, ಅಳಿಸಲಿಲ್ಲ. "ಇರಲಿ. ಅದನ್ನ ನಾ ನೋಡಬೇಕು" ಎಂದರು.

ಸಂಘದ ಮಕ್ಕಳೇ, ನೀವು ಕಂಡಿರುವುದು ಈಚಿನ ಮೂರು ವರ್ಷಗಳ ಅಣ್ಣನನ್ನು: ತಡವಾದವರನ್ನು ಬೈಯದವರು, ಬಾರದವರ ಮನೆಗೆ ಕಾರ್ಖಾನೆಯಿಂದ ನೇರ ಹೋಗಿ ಕೂರುವವರು, ಉಗುರು ನೋಡುವುದನ್ನು ಬಿಟ್ಟು ಉಂಡಿರೇನು ಎಂದು ಕೇಳುವವರು. ಅವರು ಹುಟ್ಟುವಾಗಲೇ ಹಾಗಿದ್ದರೆಂದು ತಿಳಿಯಬೇಡಿ. ಅವರು ಹಾಗಾದದ್ದು ಹೇಗೆಂದು ನನ್ನ ಅವ್ವನ ಮುಖ ನೋಡಿದಾಗೆಲ್ಲ ನನಗೆ ನೆನಪಾಗುತ್ತದೆ. ಅದಕ್ಕೆ ಕೊಟ್ಟ ಬೆಲೆ ಹೆಚ್ಚಾಯಿತೆಂದು ನಾನು ದೇವರಿಗೆ ಪ್ರಾರ್ಥನೆಯಲ್ಲೇ ಹೇಳಿದ್ದೇನೆ. ಅವರಿಗೆ ಹೇಳಿಲ್ಲ.

ಹಾಡು ಶುರುವಾಗುವ ಮೊದಲು ಅಣ್ಣ ಒಮ್ಮೆ ಎದ್ದು ಹೊರಗೆ ಹೋಗಿ ಬರುವುದನ್ನು ನೋಡಿ ನೀವು ನಗುತ್ತೀರಿ. ಬೀಡಿ ಸೇದಲು ಹೋಗುತ್ತಾರೆಂದು ಚೇಷ್ಟೆ ಮಾಡುತ್ತೀರಿ. ಅವರು ಬೇವಿನ ಬುಡದವರೆಗೆ ಹೋಗಿ, ಗೋಡೆಯ ಆಚೆ ಯಾರಾದರೂ ಕೂತಿದ್ದಾರೇನೋ ಎಂದು ನೋಡಿ ಬರುತ್ತಾರೆ.