ಕ್ವಾರಿ ಹೊಂಡದ ಗಾಳ

ನನ್ನ ಸೈಕಲ್ ಅಂಗಡಿಯ ಬೀದಿಯಲ್ಲಿ ಫಕ್ರುದ್ದೀನನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ರಾಮನಗರದ ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಎಳೆ ವಯಸ್ಸಿನಿಂದ ಕುದಿನೀರಿನ ಬೋಗುಣಿಯಲ್ಲಿ ಬೆರಳಾಡಿಸಿ ಗೂಡಿನ ಎಳೆ ಹಿಡಿದವನು. ಬೆರಳ ತುದಿಗಳು ದಡ್ಡುಗಟ್ಟಿ, ಬೀಡಿಯ ಕೆಂಡ ತಗುಲಿದರೂ ತಿಳಿಯುತ್ತಿರಲಿಲ್ಲ.

ದುಬೈನಿಂದ ಬಂದ ಭಾವಮೈದ ಅವನಿಗೊಂದು ಮೀನು ಹಿಡಿಯುವ ಕೋಲು, ಗಾಳದ ದಾರ ದೂರಕ್ಕೆ ಎಸೆಯುವ ಬೈಟ್‌ಕಾಸ್ಟಿಂಗ್ ರೀಲು ತಂದುಕೊಟ್ಟ. ಅಲ್ಲಿಂದಾಚೆ ರಜೆ ಸಿಕ್ಕರೆ ಸಾಕು, ಬಿಡದಿ ಕಡೆಯ ಕಲ್ಲುಕ್ವಾರಿ ಹೊಂಡದ ಮುಂದೆ ಹಾಜರು. ರಸ್ತೆಗೆ, ಕಾರ್ಖಾನೆಗೆ ಅಂತ ಕಲ್ಲು ಬಗೆದು ಬಿಟ್ಟುಹೋದ ಹೊಂಡ ಅದು. ಮಳೆನೀರು ತುಂಬಿ, ಯಾರೋ ಬಿಟ್ಟ ಮೀನು ಬೆಳೆದಿದ್ದವು. ಆಚೆ ದಡದ ಬಂಡೆಗೋಡೆಯ ಮೇಲೆ ಇನ್ನೊಂದು ಕ್ವಾರಿ, ದಿನಾ ಸಂಜೆ ಮದ್ದು ಸಿಡಿಸುತ್ತಿತ್ತು. ದೊಡ್ಡ ಮೀನೆಲ್ಲ ನಡುನೀರಿನಲ್ಲಿ. ಇವನ ದಾರ ಅಷ್ಟು ದೂರ ಹೋದರೆ ತಾನೆ?

ಮೊದಲು ಮಾಡಿದ ದಡ್ಡತನ ನೂಲಿನವರದೇ. ಹೆಚ್ಚು ಸುತ್ತಿದಷ್ಟೂ ಲಾಭ ಅಂತ ರಾಟೆ ತುಂಬಿಸುವವರ ಹಾಗೆ ದಾರವನ್ನು ರೀಲಿನ ಉರುಳೆಯ ಅಂಚಿನವರೆಗೂ ತುರುಕಿದ್ದ. ಎಸೆದರೆ ದಾರವೆಲ್ಲ ಉಕ್ಕಿ ಗೋಜಲು. ಅಂಚಿಗಿಂತ ಕಮ್ಮಿ ಸುತ್ತೋ ಅಂತ ಬೈದು ಬೈದು ನನ್ನ ಗಂಟಲು ಹರಿದ ಮೇಲೆ ಕೇಳಿದ. ಇನ್ನೊಂದು ಕಷ್ಟ ಹೆಬ್ಬೆರಳಿನದು. ಈ ರೀಲಿನಲ್ಲಿ ದಾರ ಓಡುವಾಗ ಉರುಳೆಯನ್ನು ಹೆಬ್ಬೆರಳು ಹಗುರವಾಗಿ ಸವರುತ್ತಿರಬೇಕು, ತುದಿಯ ಸೀಸದ ಗುಂಡು ನೀರಿಗೆ ಬೀಳುವ ಹೊತ್ತಿಗೆ ಒತ್ತಬೇಕು, ಇಲ್ಲದಿದ್ದರೆ ಗೋಜಲು. ಇವನಿಗೆ ಸ್ಪರ್ಶವೇ ಇಲ್ಲವಲ್ಲ. ಅದಕ್ಕೇ ರೀಲಿನ ಬ್ರೇಕಿನ ತಿರುಪನ್ನು ಬಿಗಿ ಮಾಡಿಟ್ಟಿದ್ದ. ಗೋಜಲಾಗುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ.

ಆ ವರ್ಷವೇ ಬಾಲರಾಜು ಹೊಂಡದಲ್ಲಿ ಮುಳುಗಿದ. ನಮ್ಮ ಬೀದಿಯ ಕಾವೇರಮ್ಮನ ಒಬ್ಬನೇ ಮಗ, ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ಪಾಳಿ ಮುಗಿಸಿ ಮೈ ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಹುಡುಕಲು ಧುಮುಕಿದವನೊಬ್ಬ ತಳದ ತಂತಿಗೆ ಸಿಕ್ಕಿ ಅರೆಜೀವವಾಗಿ ಬಂದ ಮೇಲೆ, ಪೊಲೀಸರು ಯಾರನ್ನೂ ನೀರಿಗೆ ಬಿಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೆಣ ತೇಲಿತು, ಆಚೆಯ ಬಂಡೆಗೋಡೆಯ ಬುಡದಲ್ಲಿ. ತೆಪ್ಪದವರು ಬರುವುದು ಮರುದಿನ. ಸಂಜೆ ಮದ್ದು ಸಿಡಿದರೆ ಕಲ್ಲೆಲ್ಲ ಅಲ್ಲಿಗೇ ಬೀಳುತ್ತದೆ. ನಿಲ್ಲಿಸಿ ಎಂದರೆ ಕ್ವಾರಿ ಮೇಸ್ತ್ರಿ, "ಮದ್ದು ತುಂಬಾಗೈತೆ, ಈಗ ತೆಗ್ಯಾಕಾಗಕಿಲ್ಲ" ಅಂದ. ಅವನ ಬಾಯಿಗೆ ಮಣ್ಣು ಬೀಳ.

ಕಾವೇರಮ್ಮ ಫಕ್ರುದ್ದೀನನ ಮನೆಗೇ ಬಂದಳು. "ಸಾಬ್ರೆ, ನಿಮ್ ಗಾಳ ಅಲ್ಲೀಗಂಟ ಹೋಯ್ತದಾ? ಕಲ್ ಬೀಳಾಕ್ ಮುಂಚೆ ನನ್ ಮಗನ್ನ ಈಚೆಗೆ ಎಳ್ಕೊಡಿ."

ಮೂವರೂ ಹೊಂಡಕ್ಕೆ ಧಾವಿಸಿದೆವು. ಅವನು ದಡದಲ್ಲಿ ನಿಂತು ಎಸೆದ. ಅರ್ಧಕ್ಕೇ ಬಿತ್ತು. ತಿರುಪು ಸಡಿಲಿಸಿ ಎಸೆದ, ಗೋಜಲಾಯಿತು. ಬಿಡಿಸಿಕೊಂಡ. ಆಮೇಲೆ ಕೂತು ಹೆಬ್ಬೆರಳನ್ನು ಒರಟು ಕಲ್ಲಿಗೆ ಉಜ್ಜತೊಡಗಿದ. ದಡ್ಡು ಚರ್ಮ ಸುಲಿದು ರಕ್ತ ಒಸರಿತು. ನಾನು ಅವನ ಮಣಿಕಟ್ಟು ಹಿಡಿದೆ.

"ಏನ್ಲಾ ಮಾಡ್ತಿದ್ದೀಯ?"

"ದಾರ ಓಡೋದು ಬೆರಳಿಗೆ ಗೊತ್ತಾಗ್ಬೇಕು ಕಣ್ಲಾ."

ಸೀಸದ ಗುಂಡೊಂದನ್ನು ಹೆಚ್ಚಿಗೆ ಕಟ್ಟಿದ. ಕೋಲನ್ನು ಹೆಗಲ ಹಿಂದಕ್ಕೆ ಪೂರ್ತಿ ಒಯ್ದು, ಎರಡೂ ಕೈಯಿಂದ ನಿಧಾನಕ್ಕೆ ಬೀಸಿದ. ಹಸಿ ಬೆರಳ ಅಡಿಯಲ್ಲಿ ದಾರ ಓಡಿತು. ನೋವಿಗೆ ಅವನ ಬಾಯಿ ಸೊಟ್ಟಗಾಯಿತು, ಬೆರಳು ಮಾತ್ರ ಏಳಲಿಲ್ಲ. ಗುಂಡು ಹೆಣವನ್ನು ದಾಟಿ ಬಂಡೆಯ ಹತ್ತಿರ ಬಿತ್ತು. ಮೆಲ್ಲಗೆ ಎಳೆದಾಗ ಗಾಳ ಕಚ್ಚಿತು.

ಹೆಣ ನಡುನೀರು ದಾಟುವಷ್ಟರಲ್ಲಿ ಕ್ವಾರಿಯ ಸೈರನ್ ಕೂಗಿತು. ಮದ್ದು ಸಿಡಿದು, ಹೆಣದ ಹಿಂದೆ ಬಂಡೆಗಳು ನೀರಿಗೆ ಬಿದ್ದವು. ಅಲೆಗೆ ಹೆಣ ತೂಗಾಡಿತು, ದಾರ ಮಾತ್ರ ಹರಿಯಲಿಲ್ಲ.

ದಡಕ್ಕೆ ತಂದಾಗ ಗಾಳ ಅಂಗಿಯ ಮೂಲಕ ತೋಳಿನ ಮಾಂಸಕ್ಕೆ ಇಳಿದಿತ್ತು. ಕುಯ್ದು ತೆಗೆಯಲು ಫಕ್ರುದ್ದೀನ್ ಚಾಕು ಬಿಚ್ಚಿದ. ಕಾವೇರಮ್ಮ ಅವನ ಕೈ ತಳ್ಳಿದಳು. ಊದಿಕೊಂಡ ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು, ಕಾಲಿನ ಮುಳ್ಳು ತೆಗೆಯುವಂತೆ ಗಾಳವನ್ನು ಅತ್ತಿತ್ತ ಆಡಿಸುತ್ತ ಬಿಡಿಸತೊಡಗಿದಳು.

"ಆಯ್ತು ಮಗ, ಒಸಿ ತಡ್ಕೊ," ಅನ್ನುತ್ತಿದ್ದಳು. "ಬಂತು, ಇನ್ನೇನ್ ಬಂದೇಬುಡ್ತು."