ಪುಟ್ಟಮ್ಮನ ಗೋಡೆಯ ಮೇಲೆ ನಮ್ಮವ್ವ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕರೆಂಟ್ ಮೀಟರ್ ನೋಡುವ ಕೆಲಸ ನನ್ನದು. ಕಣ್ಣಿಗೆ ಕಂಡ ಅಂಕಿಯನ್ನಷ್ಟೇ ಬರೆದುಕೊಂಡು ಬದುಕಿದವನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಧುಗಿರಿಯಿಂದ ಶಿರಾಕ್ಕೆ ವರ್ಗವಾಯಿತು. ಊರಾಚೆಯ ಬಡಾವಣೆ ನನ್ನ ಪಾಲಿಗೆ ಬಂತು. ಮೊದಲ ದಿನವೇ ಅಲ್ಲಿನ ಗೋಡೆಗಳನ್ನು ಕಂಡು ಬೆರಗಾದೆ. ಗೊಬ್ಬರದ ಜಾಹೀರಾತು, ಕುಟುಂಬ ಯೋಜನೆಯ ಕೆಂಪು ತ್ರಿಕೋನ ಎಲ್ಲ ಕಡೆ ಇದ್ದದ್ದೇ. ಇಲ್ಲಿ ಹಾಗಲ್ಲ. ಒಂದು ಗೋಡೆ ತುಂಬ ಕುರಿಮಂದೆ. ಇನ್ನೊಂದರ ಮೇಲೆ ಧೂಳೆಬ್ಬಿಸಿಕೊಂಡು ತಿರುಗುತ್ತಿರುವ ಬಸ್ಸು. ಹಿಟ್ಟಿನ ಗಿರಣಿಯ ಹಿಂಗೋಡೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿರುವ ಹುಡುಗಿ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಬಟ್ಟೆಗೆ ಹಾಕುವ ನೀಲಿ, ಇಷ್ಟೇ ಬಣ್ಣ. ಕೆಲಸ ಮರೆತು ಗೋಡೆಯಿಂದ ಗೋಡೆಗೆ ಹೋದೆ.

ಕೊನೆಯ ಮನೆ ಪುಟ್ಟಮ್ಮ ಎಂಬ ಮುದುಕಿಯದು. ಅದರ ಗೋಡೆ ನೋಡಿದ್ದೇ ಕಾಲು ನಿಂತುಹೋಯಿತು. ಅಲ್ಲಿದ್ದದ್ದು ನಮ್ಮೂರು ಮಿಡಿಗೇಶಿಯ ನಮ್ಮ ಮನೆ. ಅದೇ ವಾಲಿದ ಕಲ್ಲುಕಂಬ, ಅದೇ ಒಡೆದ ಮೆಟ್ಟಿಲು. ಜಗಲಿಯ ಮೇಲೆ ನಮ್ಮವ್ವ ಕೂತಿದ್ದಳು, ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು. ಪಕ್ಕದಲ್ಲಿ ಮಡ್‌ಗಾರ್ಡ್ ಸೊಟ್ಟಗಾದ ನನ್ನ ಸೈಕಲ್ಲು.

ಹೀಗೆ ಬರೆಯಬಲ್ಲವನು ನಮ್ಮಣ್ಣ ರಂಗಪ್ಪ ಒಬ್ಬನೇ. ಎಂಟು ವರ್ಷದ ಹಿಂದೆ ನಾನು ಸಿಟ್ಟಿನಲ್ಲಿ ಅವನ ಬ್ರಷ್ಷುಗಳನ್ನು ಒಲೆಗೆ ಹಾಕಿ, "ಗೋಡೆ ಗೀಚಿದ್ರೆ ಹೊಟ್ಟೆ ತುಂಬ್ತದಾ?" ಎಂದಿದ್ದೆ. ಅವತ್ತು ಮನೆ ಬಿಟ್ಟವನ ಸುದ್ದಿಯೇ ಇರಲಿಲ್ಲ. ಆದರೆ ಅವ್ವನ ಕಣ್ಣಿನ ಆಪರೇಷನ್ ಆಗಿ ಇನ್ನೂ ಹದಿನೈದು ದಿನ. ನಾನು ಸೈಕಲ್ಲು ಕೊಂಡು ಎರಡು ತಿಂಗಳು. ಅಂದರೆ ಅಣ್ಣ ಈಚೆಗೆ ಊರಿಗೆ ಬಂದಿದ್ದ!

"ಇದನ್ನ ಬರೆದೋರು ಎಲ್ಲವ್ರೆ ಅವ್ವಾ?" ಪುಟ್ಟಮ್ಮನನ್ನು ಕೇಳಿದೆ.

"ಯಾವನೋ ಕಣಪ್ಪ, ಊರೂರು ತಿರುಗೋನು. ಎರಡ್ ಹೊತ್ತು ಮುದ್ದೆ ಇಕ್ಕಿದ್ದೆ. ಬರ್ಕೊಟ್ಟು ಪಾವಗಡದ ಕಡೀಕೆ ಹೊಂಟೋದ. ನನ್ ಮಗಳ ಮದ್ವೇಲಿ ಬರ್ದಿದ್ದು, ಆರು ವರ್ಸಾತು."

ನಿನಗೆ ಮರೆವು ಎಂದು ವಾದಿಸಿದೆ. ಆಕೆ ಒಳಗಿಂದ ಮದುವೆಯ ಫೋಟೋ ತಂದಳು. ಅದೇ ಗೋಡೆಯ ಮುಂದೆ ಗಂಡು ಹೆಣ್ಣು ನಿಂತಿದ್ದರು. ಅವರಿಬ್ಬರ ಭುಜಗಳ ನಡುವೆ, ಕಣ್ಣಿಗೆ ಬಟ್ಟೆ ಕಟ್ಟಿದ ನಮ್ಮವ್ವ. ಆ ಮದುಮಗಳ ಐದು ವರ್ಷದ ಮಗಳು ನನ್ನೆದುರಿಗೇ ನಿಂತು ಮೀಟರ್ ಪುಸ್ತಕ ಎಳೆಯುತ್ತಿದ್ದಳು.

ಎರಡು ಭಾನುವಾರ ಪಾವಗಡ ಸುತ್ತಿದೆ. ಸಿಕ್ಕ ಸಿಕ್ಕ ಗೋಡೆ ನೋಡಿದೆ, ಪೇಂಟರುಗಳನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಇನ್ನೇನು ಮಾಡಬೇಕೋ ತೋಚದೆ ಅವ್ವನನ್ನೇ ಬಸ್ಸು ಹತ್ತಿಸಿಕೊಂಡು ಬಂದೆ.

ಅವ್ವ ಗೋಡೆಗೆ ಹಣೆ ತಾಗುವಷ್ಟು ಹತ್ತಿರ ಹೋಗಿ ಒಂದೇ ಕಣ್ಣಿನಲ್ಲಿ ನೋಡಿದಳು. ಬಹಳ ಹೊತ್ತು ಅಂಗೈ ಆಡಿಸಿದಳು.

"ನನ್ ಮಗ ಬಂದು ನನ್ನ ನೋಡ್ಕೊಂಡು ಹೋಗವ್ನೆ ಕಣ್ಲಾ."

ಆರು ವರ್ಷದ ಮಾತು, ಫೋಟೋದ ಮಾತು ಎಲ್ಲ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

"ಅವನು ಬಂದಾಗ ನೀನು ಮನೇಲೇ ಇದ್ದೆ. ಸೈಕಲ್ಲು ನಿಂತದಲ್ಲ," ಎಂದು ನನ್ನ ಕಡೆ ತಿರುಗಿದಳು. "ಒಳೀಕೆ ಬಾ ಅನ್ಬಾರ್ದಿತ್ತಾ?"

ಸಾಯುವವರೆಗೂ ಅವ್ವ ಅದನ್ನು ಕೇಳುತ್ತಲೇ ಇದ್ದಳು.