ನಾಲ್ಕು ಬೆರಳಿನ ಸಂದು

ನಮ್ಮ ಹುಳುವಿನ ಮನೆಗೆ ಇರುವೆ ಹತ್ತಿದ್ದು ಅತ್ತೆಯ ಮರೆವಿನಿಂದಲ್ಲ. ನನ್ನಿಂದ. ಅದು ಆವತ್ತು ಬೆಳಿಗ್ಗೆಯೇ ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ, ಗೌರಮ್ಮ. ಗಂಡ ತೀರಿಕೊಂಡ ಮೇಲೆ ನಮ್ಮೂರು ಕಲ್ಯದ ತವರಿಗೆ ಬಂದವಳು. ನಮ್ಮ ಮನೆಯಲ್ಲಿ ಅವಳದು ಅಂತ ಇದ್ದದ್ದು ರೇಷ್ಮೆ ಹುಳು ಸಾಕುವ ಆ ಒಂದು ಕೋಣೆ. ಹುಳು ಸೊಪ್ಪು ತಿನ್ನುವ ಸದ್ದು ಕೇಳಿಯೇ ಅವಕ್ಕೆ ಎಷ್ಟು ಹಸಿವಿದೆ ಎಂದು ಹೇಳುತ್ತಿದ್ದಳು. ಊರಲ್ಲಿ ಯಾರ ಮನೆ ಹುಳು ಮಂಕಾದರೂ ಅವಳನ್ನೇ ಕರೆಯುತ್ತಿದ್ದರು. ನಾನು ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮಾಡಿದವಳು — ಈ ಮಾತು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಸುಳ್ಳು ಹೇಳುವುದಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಲೇಬೇಕು ಎಂದು ಅಪ್ಪನ ಹತ್ತಿರ ಜಗಳಕ್ಕೆ ನಿಂತವಳು ಅತ್ತೆಯೇ.

ಹುಳುವಿನ ಬಿದಿರು ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿರಬೇಕು, ತಟ್ಟೆ ಗೋಡೆಗೆ ತಾಗಬಾರದು. ತಾಗಿದರೆ ಇರುವೆ ಹತ್ತುತ್ತವೆ. ಪ್ರತಿ ಸಂಜೆ ಅತ್ತೆ ಗೋಡೆಗೂ ತಟ್ಟೆಗೂ ನಡುವೆ ನಾಲ್ಕು ಬೆರಳು ಇಟ್ಟು ನೋಡಿ, ಇಲಿ ಹಿಡಿಯಲು ಬೆಕ್ಕನ್ನು ಒಳಗೆ ಬಿಟ್ಟು ಬಾಗಿಲು ಹಾಕುತ್ತಿದ್ದಳು.

ನಾನಾಗ ಬಿಎಸ್ಸಿ ಎರಡನೇ ವರ್ಷ. ಶುಚಿ, ಸೋಂಕು ಅಂತ ಮನೆಯವರಿಗೆಲ್ಲ ಪಾಠ ಹೇಳುವ ಹುಚ್ಚು. ಬೆಕ್ಕು ಕಸಕ್ಕೆ ಮೂತಿ ಇಟ್ಟು ಬಂದು, ಮೀಸೆಯಲ್ಲಿ ಹುಳುವಿಗೆ ರೋಗ ತರುತ್ತದೆ ಎಂದುಕೊಂಡೆ. ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದು ಎರಡೂ ಕಡೆಯ ಮೀಸೆ ಕತ್ತರಿಸಿದೆ.

"ಓದ್ಬುಟ್ಟು ಬೆಕ್ಕಿಗೂ ಚೌರ ಮಾಡ್ತಾವಳೆ ನೋಡ್ರಪ್ಪ!" ಎಂದು ಅತ್ತೆ ನಕ್ಕಳು. ಆಮೇಲೆ, "ಅಲ್ಲ ಕಣವ್ವ, ದೇವ್ರು ಸುಮ್ಕೆ ಕೊಟ್ಟಿರ್ತಾನಾ?" ಎಂದಳು.

"ನಿಂಗೇನ್ ಗೊತ್ತು, ಸುಮ್ಕಿರತ್ತೆ."

ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳು ನಾನು. ಎರಡು ಸ್ಟ್ಯಾಂಡುಗಳ ನಡುವಿನ ಇಕ್ಕಟ್ಟಿಗೆ ಬೆಕ್ಕು ನುಗ್ಗಿ, ಸಿಕ್ಕಿಕೊಂಡು, ಒದ್ದಾಡಿ ಬಿಡಿಸಿಕೊಂಡಿತ್ತು. ಅದು ತಳ್ಳಿದ ತಟ್ಟೆ ಆಚೆ ಹೋಗಿ ಗೋಡೆಗೆ ತಾಗಿ ನಿಂತಿತ್ತು. ಹುಳು ಎರಡನೇ ಜ್ವರಕ್ಕೆ ಕೂತಿದ್ದವು — ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಅನ್ನುತ್ತೇವೆ, ಆಗ ಅವು ಅಲುಗಾಡುವುದಿಲ್ಲ. ಇದ್ದಲ್ಲೇ ಸತ್ತಿದ್ದವು. ಸ್ಟ್ಯಾಂಡಿನ ತುಂಬ ಇರುವೆ.

ತಟ್ಟೆಯ ಅಂಚಿನ ಸಿಬಿರಿನಲ್ಲಿ ಬೆಕ್ಕಿನ ಕೂದಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಮುಷ್ಟಿಯಲ್ಲಿ ಇಟ್ಟುಕೊಂಡೆ. ಆಮೇಲೆ ಅಪ್ಪನನ್ನು ಕೂಗಿದೆ. ಮೊದಲೇ ಕೂಗಿದ್ದರೆ — ಇಲ್ಲ, ಬಿಡಿ.

"ಅಕ್ಕ, ನೆನ್ನೆ ಗ್ವಾಡೆ ಕಡೆ ನೋಡಿದ್ಯಾ?"

"ನೋಡ್ದೆ ಕಣಪ್ಪ. ಬೆಳ್ಳು ಇಟ್ಟು ನೋಡ್ದೆ."

"ನೋಡಿದ್ರೆ ಹಿಂಗಾಯ್ತಿತ್ತಾ?"

ಅತ್ತೆ ನನ್ನ ಕಡೆ ತಿರುಗಿದಳು. "ನೀನೂ ಅಲ್ಲೇ ಇದ್ದಲ್ಲ ಮಗ. ನಾನ್ ನೋಡ್ದೆ ತಾನೆ?"

ಹೌದು, ನಾನು ಅಲ್ಲೇ ಇದ್ದೆ. ಅವಳು ಬೆರಳು ಇಟ್ಟದ್ದನ್ನು ಕಣ್ಣಾರೆ ಕಂಡಿದ್ದೆ.

"ಗೊತ್ತಿಲ್ಲತ್ತೆ" ಎಂದೆ.

ಅಷ್ಟೇ. ಒಂದೇ ಮಾತು. "ವಯಸ್ಸಾಯ್ತು ಕಣಕ್ಕ ನಿಂಗೆ, ಇನ್ಮ್ಯಾಕೆ ಈ ಕಡೆ ಬರಬ್ಯಾಡ" ಎಂದ ಅಪ್ಪ. ಅತ್ತೆ ತನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಅಂದಿನಿಂದ ಒಲೆ ಆರಿಸಿ ಬಂದವಳು ಮತ್ತೆ ಮೂರು ಸಲ ಎದ್ದು ಹೋಗಿ ನೋಡುವಳು. ಹುಳು ತೋರಿಸಲು ಬಂದವರಿಗೆ, "ನಂಗೆ ಗ್ಯಾನ ಸಾಲ್ದು, ಬ್ಯಾರೆ ಯಾರ್ನಾದ್ರೂ ಕೇಳ್ರಪ್ಪ" ಎಂದು ಕಳಿಸಿಬಿಡುವಳು. ಕ್ರಮೇಣ ಕರೆಯುವುದನ್ನೇ ಬಿಟ್ಟರು.

ಮರುವರ್ಷ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಮೀಸೆಯ ಪಾಠ ಬಂತು. ಬೆಕ್ಕು, ಇಲಿ, ನೀರುನಾಯಿ — ಇವಕ್ಕೆಲ್ಲ ಮೀಸೆ ಬರೀ ಕೂದಲಲ್ಲ. ಒಂದೊಂದರ ಬುಡದಲ್ಲೂ ನರಗಳು ತುಂಬಿರುತ್ತವೆ. ಕತ್ತಲಲ್ಲಿ ಎದುರಿಗೆ ಏನಿದೆ, ಸಂದಿನಲ್ಲಿ ಮೈ ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯಲು ಅದೂ ಒಂದು ದಾರಿ. ಅತ್ತೆ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಪರೀಕ್ಷೆಯಲ್ಲಿ ಅದನ್ನೇ ಬರೆದೆ. ಮನೆಗೆ ಬಂದು ಹೇಳಲಿಲ್ಲ. ಪದವಿ ಕೈಗೆ ಬಂದ ದಿನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು — ಆಗಲೂ ಹೇಳಲಿಲ್ಲ.

ಈಗ ಚನ್ನಪಟ್ಟಣದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಹೋದ ತಿಂಗಳು ಅದೇ ಪಾಠ ಮಾಡುತ್ತ ಅರ್ಧಕ್ಕೆ ನಿಲ್ಲಿಸಿದೆ. ಆ ಭಾನುವಾರ ಕಲ್ಯಕ್ಕೆ ಹೋಗಿ, ಮೊದಲು ಅಪ್ಪನಿಗೆ ಹೇಳಿದೆ. ಅಪ್ಪ ತೋಟದ ಕಡೆ ನಡೆದುಬಿಟ್ಟ. ಆಮೇಲೆ ಜಗಲಿಯ ಮೇಲೆ ಅತ್ತೆಯ ಪಕ್ಕ ಕೂತು ಕತ್ತರಿ, ಕೂದಲು, ಮುಷ್ಟಿ — ಎಲ್ಲವನ್ನೂ ಹೇಳಿದೆ. "ನೀನು ನೋಡಿದ್ದೆ ಅತ್ತೆ. ನೀನು ಬೆರಳು ಇಟ್ಟು ನೋಡಿದ್ದೆ."

ಅವಳು ನನ್ನ ತಲೆ ಸವರಿದಳು. "ಇಲ್ಲ ಕಣವ್ವ, ನಾನೇ ಮರ್ತಿದ್ದೆ. ನನ್ ತಪ್ಪ ನೀನ್ಯಾಕೆ ಮ್ಯಾಲೆ ಹಾಕ್ಕತೀಯ?"

ಆಣೆ ಮಾಡಿದೆ. ಅತ್ತೆ ನಕ್ಕು, ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವಳನ್ನು ಕೂಗಿ ನಿಲ್ಲಿಸಿದಳು. "ನೋಡಮ್ಮಿ, ನಂಗೆ ಸಮಾಧಾನ ಆಗ್ಲಿ ಅಂತ ನಮ್ ಮೇಡಂ ಸುಳ್ಳು ಹೇಳಕ್ಕೆ ಬಂದವಳೆ. ಇಂಥ ಮಗ ಯಾರ್ಗೈತೆ ಹೇಳು!"

ಅತ್ತೆಗೆ ತನ್ನ ಮೇಲಿದ್ದ ನಂಬಿಕೆಯನ್ನು ಕಿತ್ತುಕೊಂಡವಳು ನಾನು. ವಾಪಸ್ಸು ಕೊಡಲು ಹೋದರೆ, ಇಟ್ಟುಕೊಳ್ಳಲು ಅವಳಲ್ಲಿ ಜಾಗವೇ ಉಳಿದಿಲ್ಲ.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಅದೇ ಮಾತು ಹೇಳುತ್ತೇನೆ. ಅತ್ತೆ ಇನ್ನೂ ನಂಬಿಲ್ಲ.